ಬಾಣಂತಿ ಕೋಣೆಯ ಎಲೆಬಳ್ಳಿ

ನಾನು ಮೊದಲ ಹೆರಿಗೆಗೆಂದು ಹಿರೇಕೆರೂರಿನಿಂದ ಸವಣೂರಿನ ತವರುಮನೆಗೆ ಬಂದ ವರ್ಷವೇ ಅಪ್ಪನ ಎಲೆತೋಟ ಕೊಳೆತುಹೋಯಿತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆ ಬರೀ ಎಲೆ ಎಂದರೆ ವೀಳ್ಯದೆಲೆಯೇ. ಸವಣೂರಿನ ಎಲೆ ತೆಳು, ಬಾಯಲ್ಲಿಟ್ಟರೆ ನಾರು ಸಿಗುವುದಿಲ್ಲ. ಶಿಗ್ಗಾಂವಿ, ಹಾನಗಲ್ಲ ಸಂತೆಗಳಲ್ಲಿ ನಮ್ಮ ಕಾಕಾ ಬುಟ್ಟಿ ಇಳಿಸುವ ಮೊದಲೇ ಗಿರಾಕಿಗಳು ಸುತ್ತ ನಿಲ್ಲುತ್ತಿದ್ದರು.

ಆ ವರ್ಷ ದಸರೆ ಕಳೆದರೂ ಮಳೆ ನಿಲ್ಲಲಿಲ್ಲ. ಕೆರೆಯ ಕೆಳಗಿನ ತೋಟದಲ್ಲಿ ನೀರು ನಿಂತಿತು. ಬಳ್ಳಿಗಳ ಬುಡ ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಕೈಗೆ ಬರುತ್ತಿತ್ತಂತೆ. ‘ಅಂತೆ’ ಎಂದು ಬರೆಯುತ್ತಿದ್ದೇನೆ, ಏಕೆಂದರೆ ನಾನು ಅದನ್ನು ಕಣ್ಣಾರೆ ನೋಡಿಲ್ಲ. ನಮ್ಮ ಮನೆಯ ಹೆಂಗಸರು ಎಲೆತೋಟದ ಒಳಗೆ ಕಾಲಿಡುತ್ತಿರಲಿಲ್ಲ.

ಅದು ತೋಟದ ನೇಮ. ಗಂಡಸರು ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹೊರಗಾದ ಹೆಂಗಸಿನ ನೆರಳು ಬಿದ್ದರೆ ಎಲೆ ಸುಟ್ಟಂತೆ ಕಪ್ಪಾಗುತ್ತದೆ, ಬಾಣಂತಿಯ ಕೈ ತಾಗಿದರೆ ಬಳ್ಳಿ ಬುಡದಿಂದಲೇ ಹೋಗುತ್ತದೆ ಎಂದು ನಂಬಿಕೆ. ಯಾವ ಹೆಂಗಸು ಯಾವಾಗ ಹೊರಗಾಗಿದ್ದಾಳೆಂದು ಬೇಲಿಯ ಹತ್ತಿರ ನಿಂತು ಕೇಳುವುದಕ್ಕಾಗುತ್ತದೆಯೇ? ಆದ್ದರಿಂದ ಮೈನೆರೆದ ಹುಡುಗಿಯಿಂದ ಹಿಡಿದು ಮುಟ್ಟು ನಿಲ್ಲುವ ವಯಸ್ಸಿನವರೆಗೆ ಯಾರೂ ಒಳಗೆ ಹೋಗಬಾರದು ಎಂದೇ ಆಗಿಬಿಟ್ಟಿತ್ತು. ವಿಚಿತ್ರವೆಂದರೆ ಮನೆಯಲ್ಲಿ ನಾವು ಇಂಥ ಮೈಲಿಗೆಯನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಯಾವ ಮೈಲಿಗೆ ಎಂದು ಅಪ್ಪನ ತಾಯಿಯೇ ಹೇಳುತ್ತಿದ್ದಳು. ಅವಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆದರೆ ತೋಟದ ಮಾತು ಬಂದರೆ ಆಯಿಯೂ ತಕರಾರು ಮಾಡುತ್ತಿರಲಿಲ್ಲ. ಅವ್ವ ಮದುವೆಯಾಗಿ ದುಂಡಸಿಯಿಂದ ಬಂದಂದಿನಿಂದ ರೊಟ್ಟಿಯ ಬುಟ್ಟಿಯನ್ನು ಬೇಲಿಯ ಹೊರಗೇ ಇಟ್ಟು, ಕೂಗಿ, ತಿರುಗಿ ಬರುತ್ತಿದ್ದಳು.

ಬುಡ ಕೊಳೆತರೂ ಕೆಲವು ಬಳ್ಳಿಗಳ ತುದಿ ಇನ್ನೂ ಹಸಿರಾಗಿತ್ತು. ಅಪ್ಪ ಅಂಥ ತುದಿಗಳನ್ನು ಹುಡುಕಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಮನೆಗೆ ತಂದ. ಬಾಯಿ ಒಡೆದ ದೊಡ್ಡ ಮಣ್ಣಿನ ಹರವಿಯೊಂದರ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ, ಆ ತುಂಡುಗಳನ್ನು ನೆಟ್ಟ. ಬೇರೆ ತೋಟದಿಂದ ಬಳ್ಳಿ ತರಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ತಗ್ಗಿನ ತೋಟಗಳೆಲ್ಲ ಅದೇ ರೋಗಕ್ಕೆ ಸಿಕ್ಕಿದ್ದವು. ಅದಕ್ಕಿಂತ ಹೆಚ್ಚಾಗಿ, ಎಲೆಬಳ್ಳಿಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಹಳೆಯ ಬಳ್ಳಿಯ ತುಂಡೇ ಹೊಸ ಬಳ್ಳಿ. ಅಪ್ಪನ ತೋಟದಲ್ಲಿದ್ದದ್ದು ಅವನ ಅಜ್ಜ ನೆಟ್ಟ ಬಳ್ಳಿಯೇ, ಕತ್ತರಿಸುತ್ತ ನೆಡುತ್ತ ಅಲ್ಲಿಯವರೆಗೆ ಬಂದದ್ದು. ಹರವಿಯಲ್ಲಿದ್ದ ತುಂಡುಗಳು ಸತ್ತರೆ ಅದು ಮುಗಿದಂತೆ.

ತೋಟ ಅಪ್ಪನಿಗೂ ಅವನ ತಮ್ಮನಿಗೂ, ಅಂದರೆ ಕಾಕಾನಿಗೂ, ಸೇರಿದ್ದು. ಹರವಿಯ ಮುಂದೆ ಇಬ್ಬರೂ ಆಡಿದ ಮಾತು ನನಗೆ ನೆನಪಿದೆ. ನಾನು ತುಂಬಿದ ಬಸುರಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ.

“ಅಣ್ಣಾ, ಕೆರಿ ಕೆಳಗಿನ ಮಣ್ಣಾಗ ಇನ್ನ ಬಳ್ಳಿ ಬರೂದಿಲ್ಲ. ಬಾವಿ ಮ್ಯಾಲಿನ ಹೊಲಕ್ಕ ಹತ್ತಿ ಹಾಕೂಣು,” ಎಂದ ಕಾಕಾ.

“ಹತ್ತಿ ಯಾರರ ಹಾಕ್ತಾರ. ನಾವು ಎಲಿ ಮಂದಿ.”

“ಎಲಿನ ಇಲ್ಲ, ಎಲಿ ಮಂದಿ ಹೆಂಗ?”

ಅಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಹರವಿಯ ಮಣ್ಣನ್ನು ಅಂಗೈಯಿಂದ ಒತ್ತುತ್ತ, “ಬಾವಿ ಮ್ಯಾಲಿನ ಹೊಲಕ್ಕ ಚೊಗಚಿ ಬೀಜ ಹಾಕಿ ಇಡ್ತೇನಿ. ನೆಳ್ಳಿಗೆ ಬೇಕಲ್ಲ. ಯುಗಾದಿ ತನಕ ಇದು ಉಳದ್ರ ಅಲ್ಲಿ ತೋಟ ಮಾಡೂದು. ಸತ್ರ ನಿನ್ನ ಹತ್ತಿ, ನಾ ಎದುರಾಡೂದಿಲ್ಲ,” ಎಂದ. ಚೊಗಚೆ ಬೇಗ ಎತ್ತರಕ್ಕೆ ಬೆಳೆಯುವ ಗಿಡ, ಎಲೆಬಳ್ಳಿ ಹಬ್ಬುವುದು ಅದರ ಮೇಲೆಯೇ.

“ಆತು. ಯುಗಾದಿ ತನಕ,” ಎಂದು ಕಾಕಾ ಎದ್ದು ಹೋದ.

ಹರವಿಯನ್ನು ಮೊದಲು ಇಟ್ಟದ್ದು ಪಡಸಾಲೆಯಲ್ಲಿ, ದೇವರ ಜಗಲಿಯ ಪಕ್ಕಕ್ಕೆ. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಜಾಗ ಇರಲಿಲ್ಲ. ಮೇಲೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಹಗಲಿಗೆ ಬೆಳಕು ನೇರವಾಗಿ ಕೆಳಗಿಳಿಯುತ್ತಿತ್ತು.

ಆಮೇಲೆ ನನ್ನ ಹೆರಿಗೆಯಾಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮಗು ಹುಟ್ಟಿದ ಮೇಲೂ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಅವ್ವನ ಮುಖ ನೋಡದೆ ಮಾತಾಡತೊಡಗಿದಳು, ಅದರಿಂದಲೇ ನನಗೆ ಗೊತ್ತಾಯಿತು. ಕೊನೆಗೆ ನಿಂತಿತು, ಬದುಕಿದೆ. ಮಗಳೂ ಗಟ್ಟಿಯಾಗಿದ್ದಳು. ಆದರೆ ಅವಳನ್ನು ಎತ್ತಿಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು, ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಎದೆ ಹಾರುತ್ತಿತ್ತು. ಮಾತು ಬೇಡವೆನಿಸುತ್ತಿತ್ತು. ಮಂಚದ ಮೇಲೆ ಮಲಗಿ ಕಣ್ಣಿಗೆ ಬಿದ್ದದ್ದನ್ನು ನೋಡುತ್ತಿದ್ದೆ, ಅಷ್ಟೆ. ನನ್ನ ಕೋಣೆಯ ಬಾಗಿಲಿಗೆ ಗಾಳಿ ಬರದಂತೆ ಕಂಬಳಿ ಕಟ್ಟಿದ್ದರು. ಅದರ ಅಂಚು ಸರಿದಾಗ ಎದುರಿಗೆ ಕಾಣುತ್ತಿದ್ದದ್ದು ಜಗಲಿ ಮತ್ತು ಹರವಿ.

ಆಯಿ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿ, ವಿಭೂತಿ ಕಲೆತ ಆ ನೀರನ್ನು ಯಾರೂ ತುಳಿಯದ ಕಡೆ ಹಾಕಬೇಕೆಂದು ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದಳು. ಆ ಮಳೆಗಾಲದಲ್ಲಿ ಹಿತ್ತಲು ಕೆಸರಾಗಿ ಒಮ್ಮೆ ಜಾರಿದ್ದಳು. ಈಗ ಕೈ ಅಳತೆಯಲ್ಲೇ ಹರವಿ ಇತ್ತು, ಅದರಲ್ಲಿ ಬಳ್ಳಿಯೂ ಇತ್ತು, ಆ ಬಳ್ಳಿ ಉಳಿಯಲೆಂದು ಮನೆಮಂದಿಯೆಲ್ಲ ಬೇಡಿಕೊಳ್ಳುತ್ತಿದ್ದರು. ಆಯಿ ಪೂಜೆಯ ನೀರನ್ನು ಹರವಿಗೆ ಹಾಕತೊಡಗಿದಳು. ಅವಳನ್ನು ನೋಡಿ ಕಾಕಾ ಹಾಕಿದ. ಕಾಕಾನ ಹೆಂಡತಿ ಹಾಕಿದಳು. ಅಪ್ಪ ಹೊಲದಿಂದ ಬರುವಷ್ಟರಲ್ಲಿ ಎಲ್ಲರ ಪೂಜೆಯೂ ಮುಗಿದಿರುತ್ತಿತ್ತು. ಯಾರೂ ಕೆಟ್ಟದ್ದನ್ನು ಮಾಡುತ್ತಿರಲಿಲ್ಲ. ತಮ್ಮಲ್ಲಿದ್ದ ಅತ್ಯಂತ ಪವಿತ್ರವಾದದ್ದನ್ನು ಆ ಬಳ್ಳಿಗೆ ಕೊಡುತ್ತಿದ್ದರು.

ತುಂಡುಗಳು ಒಂದೊಂದಾಗಿ ಹಳದಿಯಾದವು. ಅಪ್ಪ ಸತ್ತದ್ದನ್ನು ಕಿತ್ತು ಹಾಕುತ್ತ ಬಂದ. ಕೊನೆಗೆ ಒಂದೇ ಉಳಿಯಿತು. ಆ ದಿನ ಅವನು ಹರವಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲ್ಪದರವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದದ್ದನ್ನು ನಾನು ನೋಡಿದೆ. ಸುಣ್ಣ ಬಳಿದಂತೆ ಬೆಳ್ಳಗಿನ ಹಕ್ಕಳೆ ಎದ್ದು ಬಂತು. ಅದರ ಕೆಳಗೆ ಮಣ್ಣು ರಾಡಿ. ಅಪ್ಪ ಆ ಹಕ್ಕಳೆಯನ್ನು ಬೆರಳುಗಳ ನಡುವೆ ಪುಡಿ ಮಾಡಿದ. ಜಗಲಿಯ ಮುಂದೆ ಬೆನ್ನು ಬಾಗಿಸಿ ಕೂತ ತನ್ನ ತಾಯಿಯನ್ನು ನೋಡಿದ. ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಲಿಂಗದ ನೀರಿನಿಂದ ಬಳ್ಳಿ ಸಾಯುತ್ತಿದೆ ಎಂದು ಆ ತಾಯಿಗೆ ಯಾವ ಬಾಯಿಂದ ಹೇಳುವುದು?

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ ಮಾತು ಇಷ್ಟು: “ಜಗಲಿ ಹತ್ರ ಥಂಡಿ ಭಾಳ ಐತಿ. ಬೆಚ್ಚಗಿನ ಜಾಗಾ ಬೇಕು ಅದಕ್ಕ.”

“ಬೆಚ್ಚಗಿರೂದು ಮನ್ಯಾಗ ಒಂದ ಜಾಗಾ.”

“ಅದು ಆಗೂದಿಲ್ಲ.”

“ಯಾಕ ಆಗೂದಿಲ್ರಿ?”

“ಗೊತ್ತಿದ್ದೂ ಕೇಳಬ್ಯಾಡ.”

ಅವ್ವ ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಹಾಕಿ ಎದ್ದಳು. ಅವಳು ಜೋರಾಗಿ ಮಾತಾಡಲಿಲ್ಲ, ಆದರೂ ನನಗೆ ಪ್ರತಿ ಮಾತೂ ಕೇಳಿಸಿತು. “ಇಷ್ಟ ವರ್ಷ ನಾ ಬೇಲಿ ಹೊರಗ ನಿಂತೇನಿ. ಒಂದಿನಾನೂ ನನ್ನ ನೆಳ್ಳು ನಿಮ್ಮ ತೋಟದ ಮ್ಯಾಲ ಬೀಳಲಿಲ್ಲ. ತೋಟ ಎಲ್ಲೈತ್ರಿ ಈಗ?”

ಅಪ್ಪ ಹರವಿಯನ್ನು ಎತ್ತಿ ತಂದು ನನ್ನ ಕೋಣೆಯ ಹೊಸ್ತಿಲ ಮೇಲೆ ಇಟ್ಟ. ಒಳಗೆ ಬರಲಿಲ್ಲ. ಅವ್ವ ಅದರಡಿಗೆ ಗೋಣಿಚೀಲ ಸರಿಸಿ, ಎರಡೂ ಕೈಯಿಂದ ಎಳೆದುಕೊಂಡಳು. ಪೂಜೆಯ ನೀರು ಬಾಣಂತಿ ಕೋಣೆಯವರೆಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು, ಇಬ್ಬರೂ ಆಡಲಿಲ್ಲ.

ಆ ಹರವಿ ನನ್ನ ಮಂಚದ ಪಕ್ಕಕ್ಕೆ ಬಂದ ಕೂಡಲೇ ನನಗೆ ಹೊಳೆದದ್ದು ಬಳ್ಳಿಯ ಚಿಂತೆಯಲ್ಲ, ನನ್ನ ಚಿಂತೆ. ಇದು ಜಗಲಿಯ ಮುಂದೆ ಸತ್ತಿದ್ದರೆ ರೋಗದಿಂದ ಸತ್ತಿತು ಎನ್ನುತ್ತಿದ್ದರು. ನನ್ನ ಕೋಣೆಯಲ್ಲಿ ಸತ್ತರೆ ನನ್ನಿಂದ ಸತ್ತಿತು ಎನ್ನುತ್ತಾರೆ. ತೋಟದ ನೇಮ ಸುಳ್ಳಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿಯಾಗುತ್ತೇನೆ. ನನ್ನ ಮಗಳು ದೊಡ್ಡವಳಾದ ಮೇಲೂ ಆ ಮಾತನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಇನ್ನೂ ಒಂದು ಹೇಳಬೇಕು. ಆ ನೇಮ ನಿಜವಿರಬಹುದು ಎಂದು ನನಗೂ ಭಯವಿತ್ತು. ಸಾವಿನ ಹತ್ತಿರ ಹೋಗಿ ಬಂದವಳ ಕೈ ಯಾವುದಕ್ಕಾದರೂ ಒಳ್ಳೆಯದು ಮಾಡೀತೇ ಎನಿಸುತ್ತಿತ್ತು. ಮೊದಲೆರಡು ದಿನ ಎಲೆಯನ್ನು ಮುಟ್ಟಲೇ ಇಲ್ಲ.

ಮೂರನೆಯ ದಿನ ಕಂಬಳಿಯ ಆಚೆಯಿಂದ ಅಪ್ಪನ ದನಿ ಬಂತು. “ಮಣ್ಣು ಹೆಂಗೈತಿ?”

ಅಪ್ಪ ನನ್ನ ಜೊತೆ ಬೆಳೆಯ ಮಾತು ಆಡಿದವನೇ ಅಲ್ಲ. ಬೆರಳ ತುದಿಯಿಂದ ಮಣ್ಣು ಮುಟ್ಟಿ ನೋಡಿದೆ. “ಹಸಿ ಐತಿ,” ಎಂದೆ.

“ಮ್ಯಾಲೆ ಬೆಳ್ಳಗ ಇರೂ ಮಣ್ಣು ಪೂರಾ ತಗೀ. ಬೇರಿಗೆ ಉಗುರು ತಾಗಬಾರ್ದು ನೋಡು. ಹೊಸಾ ಮಣ್ಣು ಕೊಡ್ತೇನಿ.” ಕಂಬಳಿಯ ಕೆಳಗಿನಿಂದ ಒಂದು ಬುಟ್ಟಿ ಒಳಗೆ ಸರಿದು ಬಂತು. ಕೆರೆಯ ಗೋಡು, ಮರಳು, ಹಳೆಯ ಸೆಗಣಿ ಗೊಬ್ಬರ, ಮೂರನ್ನೂ ಅವನೇ ಕಲಸಿದ್ದ. ನಾನು ಮೊಣಕಾಲೂರಿ ಕೂತು ಬೆಳ್ಳಗಿನ ಮಣ್ಣನ್ನು ಚಮಚೆಯಿಂದ ತೆಗೆದೆ. ಅವ್ವ ಅದನ್ನು ಎಲ್ಲೆಂದರಲ್ಲಿ ಚೆಲ್ಲದೆ, ಮೊರದಲ್ಲಿ ಹಿಡಿದುಕೊಂಡು ಹೋಗಿ ಪತ್ರಿ ಗಿಡದ ಬುಡಕ್ಕೆ ಹಾಕಿ ಬಂದಳು.

ಅಂದಿನಿಂದ ಅಪ್ಪ ಬಾವಿಯ ಮೇಲಿನ ಹೊಲದಿಂದ ಬಂದ ಕೂಡಲೇ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತು ಕೇಳುತ್ತಿದ್ದ, ನಾನು ಒಳಗಿನಿಂದ ಹೇಳುತ್ತಿದ್ದೆ.

“ಬೆರಳು ಹೂತು ನೋಡು. ಮಣ್ಣು ಬೆರಳಿಗೆ ಹತ್ತಿ ಬಂತಂದ್ರ ನೀರು ಬ್ಯಾಡ. ಉದುರಿತಂದ್ರ ಒಂದ ಚಂಬು. ಬುಡಕ್ಕ ಸುರೀಬ್ಯಾಡ, ಹರವಿ ಅಂಚಿನ ಗುಂಟ ಬಿಡು.”

“ಎಲಿ ಬೆನ್ನು ನೋಡಿದೇನು? ಬೆಳ್ಳಗ ಹಿಟ್ಟಿನಂಥಾದ್ದು ಏನರ ಕುಂತೈತೇನು?”

“ಇಲ್ಲ. ಮಸಿ ಕುಂತೈತಿ.”

“ಒರಸು. ಹಸಿ ಅರಬಿಲೆ ಒರಸು, ಕೂಸಿನ ಮಾರಿ ಒರಸ್ತೀಯಲ್ಲ, ಹಂಗ.”

ಮಸಿಗೆ ಕಾರಣ ನನ್ನ ಮಂಚದ ಕೆಳಗಿನ ಅಗ್ಗಿಷ್ಟಿಕೆ, ಮಗುವಿಗೆ ಹಾಕುವ ಓಂಕಾಳಿನ ಹೊಗೆ. ಕೋಣೆ ಬೆಚ್ಚಗಿತ್ತು, ಗಾಳಿ ಇರಲಿಲ್ಲ, ದಿನಾ ಎರೆಯುವ ಬಿಸಿನೀರಿನ ಹಬೆ ಗೋಡೆಯ ಮೇಲೆ ಹನಿಯಾಗುತ್ತಿತ್ತು. ಎಲೆಬಳ್ಳಿಗೆ ಇವೆಲ್ಲ ಬೇಕು. ಇಲ್ಲದ್ದು ಬೆಳಕು ಮಾತ್ರ. ಈ ಕೋಣೆಗೂ ಸಣ್ಣದೊಂದು ಬೆಳಕಿಂಡಿ ಇತ್ತು, ಆದರೆ ಕೂಸಿಗೆ ಥಂಡಿಯಾಗುತ್ತದೆಂದು ಆಯಿ ಅದಕ್ಕೆ ಗಡಿಗೆ ಬೋರಲು ಹಾಕಿಸಿದ್ದಳು. ನಾನು ಅವ್ವನಿಗೆ ಹೇಳಿ ಮಧ್ಯಾಹ್ನದ ಹೊತ್ತು ಅದನ್ನು ತೆಗೆಸುತ್ತಿದ್ದೆ. ಮಗುವಿನ ತೊಟ್ಟಿಲನ್ನು ಒಂದು ಮೂಲೆಗೆ ಸರಿಸಿ, ಬೆಳಕು ನೆಲದ ಮೇಲೆ ಸರಿದಂತೆಲ್ಲ ಗೋಣಿಚೀಲ ಹಿಡಿದು ಹರವಿಯನ್ನು ಅದರ ಹಿಂದೆ ಎಳೆಯುತ್ತಿದ್ದೆ. ಅವ್ವ ನೋಡಿ, “ಹಸಿ ಮೈ ಐತಿ, ಹೊಟ್ಟಿ ಜಾರಿಸ್ಕೋತಿ,” ಎಂದು ಬೈದು ತಾನೇ ಎಳೆಯುತ್ತಿದ್ದಳು.

ನನಗೂ ಮಗುವಿಗೂ ಎರೆಯಲು ಬರುತ್ತಿದ್ದ ಸೂಲಗಿತ್ತಿ ಮುದುಕಿ ಹರವಿಯನ್ನು ಮೊದಲ ಸಲ ನೋಡಿದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಯ್ಯ ಯವ್ವಾ, ಇನ್ನೊಬ್ಬಾಕಿ ಬಾಣಂತಿನ್ನ ತಂದು ಕುಂದ್ರಿಸೀರಲ್ಲ! ಈಕಿಗೂ ಎಣ್ಣಿ ಹಚ್ಚಿ ಎರೀಲೇನು? ಖಾರಾ ತಿನಸ್ತೀರೇನು?”

“ಎರೀಬ್ಯಾಡ, ಹಬಿ ಸಾಕು ಆಕಿಗೆ,” ಎಂದಳು ಅವ್ವ.

“ಇಬ್ರನ್ನ ಬಾಣಂತನಾ ಮಾಡಿದ್ರ ಎರಡು ಸೀರಿ ಆಗಬೇಕ್ರಿ ನನಗ,” ಎಂದು ಮುದುಕಿ ನಕ್ಕಳು. ನಾನೂ ನಕ್ಕೆ. ಹೆರಿಗೆಯಾದ ಮೇಲೆ ಅದೇ ಮೊದಲು ಎಂದು ಅವ್ವ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ.

ಬಳ್ಳಿ ಹೊಸ ಎಲೆ ಬಿಟ್ಟಿತು. ಎಲೆ ಬಿಡಿಸಿಕೊಳ್ಳುವ ಮೊದಲು ಅದರ ಮೇಲೊಂದು ತೆಳ್ಳಗಿನ ಹಾಳೆ ಇರುತ್ತದೆ, ಅದು ತಾನಾಗಿ ಬೀಳುತ್ತದೆ. ಅದನ್ನು ನಾನು ಆವರೆಗೆ ನೋಡಿರಲಿಲ್ಲ. ಎಲೆ ಬೆಳೆಯುವವರ ಮಗಳಾಗಿ ನಾನು ಎಲೆಯನ್ನು ಕಂಡದ್ದೆಲ್ಲ ಬುಟ್ಟಿಯಲ್ಲಿ, ತಟ್ಟೆಯಲ್ಲಿ. ಪ್ರತಿ ಗೆಣ್ಣಿನಲ್ಲೂ ಗೋಡೆ ಹಿಡಿಯಲು ಸಣ್ಣ ಬೇರುಗಳು ಚಾಚಿಕೊಂಡಿದ್ದವು. ಅಪ್ಪ ಒಂದು ಚೊಗಚೆಯ ಕೋಲನ್ನು ಕಂಬಳಿಯ ಕೆಳಗಿನಿಂದ ತೂರಿಸಿದ. ಬಳ್ಳಿಯನ್ನು ಅದಕ್ಕೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿದೆ. “ಬಿಗಿಬ್ಯಾಡ, ಒಂದ ಬೆರಳು ಹೋಗೂವಂಗ ಇರಲಿ,” ಎಂದ ಆಚೆಯಿಂದ. ಕಟ್ಟಿದೆನೋ ಇಲ್ಲವೋ ಅವನಿಗೆ ಕಾಣುತ್ತಿರಲಿಲ್ಲ. ನಾನು ಹೇಳಿದ್ದನ್ನು ನಂಬಬೇಕಿತ್ತು.

ಸಂಕ್ರಾಂತಿಯ ಆಸುಪಾಸಿಗೆ ಥಂಡಿ ಹೆಚ್ಚಾಯಿತು, ಮಗುವಿಗೆ ಕಫ ಕಟ್ಟಿತು. ಸೂಲಗಿತ್ತಿ ತೊಟ್ಟಿಲಿಗೆ ಶಾಖ ತಾಗಲೆಂದು ಅಗ್ಗಿಷ್ಟಿಕೆಯನ್ನು ಮಂಚದ ಕೆಳಗಿನಿಂದ ಎಳೆದು ಗೋಡೆಯ ಕಡೆಗೆ ಇಟ್ಟಳು. ನಾನು ಮಗುವನ್ನೇ ನೋಡುತ್ತಿದ್ದೆ, ಎಲ್ಲರೂ ಮಗುವನ್ನೇ ನೋಡುತ್ತಿದ್ದರು. ಸಂಜೆಗೆ ಮಗು ಉಸಿರು ಸಲೀಸಾಗಿ ಬಿಟ್ಟು ನಿದ್ದೆಹೋಯಿತು. ಆಗ ತಲೆಯೆತ್ತಿದೆ. ಕೆಂಡದ ಝಳಕ್ಕೆ ಬಳ್ಳಿಯ ತುದಿ ಕಪ್ಪಗಾಗಿ ಬಾಗಿತ್ತು. ಅದರ ಕೆಳಗಿನ ಎರಡೆಲೆ ಸುಟ್ಟ ಕಾಗದದಂತೆ ಸುರುಟಿದ್ದವು.

ಅಪ್ಪನಿಗೆ ಹೇಳಿದೆ.

“ಎಷ್ಟ ತನಕ ಕರ್ರಗಾಗೇತಿ?”

“ಮ್ಯಾಲಿನ ಎರಡು ಗೆಣ್ಣು.”

“ಅದರ ಕೆಳಗ ಉಗುರಿಲೆ ಒಂಚೂರು ಕೆರೀ. ಹಸರೈತೇನು?”

ಕೆರೆದೆ. “ಹಸರೈತಿ.”

“ಕಾಯಿ.”

ಸುದ್ದಿ ಮನೆಯಲ್ಲಿ ಹಬ್ಬಿತು. ಕಾಕಾ ಪಡಸಾಲೆಯಲ್ಲಿ, ನನಗೆ ಕೇಳಲೆಂದಲ್ಲ, ಆದರೆ ಕೇಳುವಂತೆಯೇ, “ಹಂಗಾರ ಹತ್ತಿ ಬೀಜ ನೋಡ್ಲೇನಣ್ಣಾ?” ಎಂದ. ಆಯಿ ತನ್ನ ಜಾಗದಿಂದಲೇ ಹೇಳಿದಳು: “ನಾ ಏನು ಹೇಳ್ಲಿ. ಬಾಣಂತಿ ಕ್ವಾಣ್ಯಾಗ ಎಲಿಬಳ್ಳಿ ಇಟ್ಟಿದ್ದು ನಮ್ಮ ಹಿರೇರ ಕಾಲದಾಗ ಕೇಳಿದ್ದಿಲ್ಲ. ಜಗಲಿ ಮುಂದ ಇದ್ದಾಗ ಒಂದರ ಉಳದಿತ್ತು.” ಕಾಕಾನ ಹೆಂಡತಿ ಮರುದಿನ ನನಗೆ ಊಟದ ತಾಟನ್ನು ಹೊಸ್ತಿಲಲ್ಲೇ ಇಟ್ಟು ಹೋದಳು. ಅದರ ಮೊದಲು ಒಳಗೆ ಬಂದು, ಮಗುವನ್ನು ಮಾತಾಡಿಸಿ ಹೋಗುತ್ತಿದ್ದಳು.

ನಾನು ಬೆಳಿಗ್ಗೆ ಎದ್ದ ಕೂಡಲೇ ಗೆಣ್ಣುಗಳನ್ನು ನೋಡುತ್ತಿದ್ದೆ. ಮಗುವಿಗೆ ಹಾಲು ಕೊಡುತ್ತಲೂ ನೋಡುತ್ತಿದ್ದೆ. ದಿನಗಳು ಕಳೆದವು, ಏನೂ ಬದಲಾಗಲಿಲ್ಲ. ಅಪ್ಪ ಬಂದು ಕೂರುತ್ತಿದ್ದ, ಕೇಳುತ್ತಿದ್ದ, ನಾನು “ಹಂಗ ಐತಿ” ಎನ್ನುತ್ತಿದ್ದೆ. ಒಂದು ಸಲ ಅವನು ಬಳ್ಳಿಯನ್ನು ಕೇಳದೆ, “ನೀ ಉಂಡೇನು?” ಎಂದ. ಹೂಂ ಎಂದೆ. ಎದ್ದು ಹೋದ.

ಮೊಗ್ಗನ್ನು ಮೊದಲು ಕಂಡದ್ದು ಸೂಲಗಿತ್ತಿ. ನನಗೆ ನೀರು ಹಾಕಿ, ಬೆನ್ನು ಒರೆಸುತ್ತ, “ಅಲ್ನೋಡವಾ, ಆ ನಿನ್ನ ವಾರಗಿತ್ತಿ ಹಡೀಲಿಕ್ಕೆ ಬಂದಾಳ,” ಎಂದಳು. ಒದ್ದೆ ಸೀರೆಯಲ್ಲೇ ಹೋಗಿ ನೋಡಿದೆ. ಕೆಳಗಿನ ಗೆಣ್ಣಿನಲ್ಲಿ ಅಕ್ಕಿಕಾಳಿನಂತೆ ಹಸಿರು ಉಬ್ಬಿತ್ತು. ಅದರ ಕೆಳಗಿನದರಲ್ಲಿ ಇನ್ನೊಂದು. ತುದಿ ಹೋದದ್ದಕ್ಕೆ ಬಳ್ಳಿ ಎರಡು ಕಡೆ ಒಡೆದಿತ್ತು. ಸಂಜೆ ಅಪ್ಪನಿಗೆ ಹೇಳಿದಾಗ ಅವನು ಕಂಬಳಿಯ ಅಂಚನ್ನು ಸರಿಸಿ ಒಳಗೆ ಇಣುಕಿದ. ಆಮೇಲೆ ಒಳಗೇ ಬಂದ. ಬಳ್ಳಿಯ ಮುಂದೆ ಕೂತು, ಆ ಗೆಣ್ಣನ್ನು ಮುಟ್ಟದೆ ನೋಡಿದ. ಹೊರಡುವಾಗ ತೊಟ್ಟಿಲಿನ ಹತ್ತಿರ ನಿಂತು ಮಗುವಿನ ಪಾದವನ್ನು ಬೆರಳಿನಿಂದ ತಟ್ಟಿದ.

ಯುಗಾದಿಯ ಹೊತ್ತಿಗೆ ಎರಡೂ ಕವಲು ಜಂತಿಯನ್ನು ಮುಟ್ಟಿದ್ದವು. ಅಪ್ಪ ಅವನ್ನು ಇಳಿಸಿ, ಒಂದು ಸಾಲಿಗಾಗುವಷ್ಟು ತುಂಡು ಮಾಡಿದ. ಒಂದು ಸಾಲು ಹತ್ತಿದರೆ ಮುಂದಿನ ವರ್ಷ ಅದರಿಂದ ತೋಟ. ಕಾಕಾ ಮಾತು ಉಳಿಸಿಕೊಂಡ. ಹತ್ತಿಯ ಸುದ್ದಿ ಎತ್ತದೆ ಬಾವಿಯಿಂದ ನೀರಿನ ಕಾಲುವೆ ತೆಗೆದ. ಮನೆಗೆ ಬಂದವರಿಗೆಲ್ಲ ಆಯಿ, ತನ್ನ ಲಿಂಗದ ನೀರು ಕುಡಿದ ಬಳ್ಳಿ ಅದು, ಹಾಗೆ ಸಾಯುವುದಲ್ಲ ಎಂದು ಹೇಳುತ್ತಿದ್ದಳು. ಅಪ್ಪನ ಕೈಗುಣ ಎಂದು ಓಣಿಯವರು ಹೇಳಿದರು. ಬಾಣಂತಿ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಸತ್ತಿದ್ದರೆ ಎತ್ತುತ್ತಿದ್ದರು.

ನೆಡುವ ದಿನ ನಾನೂ ಮಗುವನ್ನೆತ್ತಿಕೊಂಡು ಅವ್ವನ ಜೊತೆ ಬಾವಿಯ ಮೇಲಿನ ಹೊಲಕ್ಕೆ ಹೋದೆ. ಅಂದು ಬೆಳಿಗ್ಗೆ ಅವ್ವ ನನ್ನ ಪೆಟ್ಟಿಗೆಯಿಂದ ಹಳೆಯ ಸೀರೆಯ ಮಡಿಸಿದ ತುಂಡನ್ನು ಕೇಳಿ ಪಡೆದಿದ್ದಳು. ಹೊರಗಾಗಿದ್ದಳು. ಅದು ಅವಳಿಗೂ ನನಗೂ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೊಸ ತೋಟಕ್ಕೆ ಮುಳ್ಳಿನ ಬೇಲಿ ಕಟ್ಟಿದ್ದರು. ಒಳಗೆ ಚೊಗಚೆ ಆಳೆತ್ತರ ಮೀರಿ ಬೆಳೆದು ನಿಂತಿತ್ತು. ಅಪ್ಪ, ಕಾಕಾ ಇಬ್ಬರೂ ಬರಿಗಾಲಲ್ಲಿ ಸಾಲಿನ ಗುಂಟ ಬಾಗಿ ತುಂಡುಗಳನ್ನು ಊರುತ್ತಿದ್ದರು.

“ವೈನಿ, ಅಲ್ಲೇ ಇಡ್ರಿ, ಬಂದು ಒಯ್ತೇನಿ,” ಎಂದ ಕಾಕಾ.

ಅವ್ವ ರೊಟ್ಟಿಯ ಬುಟ್ಟಿಯನ್ನು ತಲೆಯಿಂದ ಇಳಿಸಲಿಲ್ಲ. ಕಾಲಿನ ಚಪ್ಪಲಿ ಬಿಟ್ಟು, ಬೇಲಿಯ ಸಂದಿಯಲ್ಲಿ ಸೆರಗು ಸಿಕ್ಕದಂತೆ ಹಿಡಿದುಕೊಂಡು ಒಳಗೆ ನಡೆದಳು. ನಾನು ಬೇಲಿಯ ಹತ್ತಿರವೇ ನಿಂತೆ. ಕೂಗಿ ನಿಲ್ಲಿಸಬೇಕೆನಿಸಿತು, ಏನೆಂದು ಕೂಗುವುದು? ಅವಳ ನೆರಳು ಆಗ ತಾನೇ ನೆಟ್ಟ ಬಳ್ಳಿಗಳ ಮೇಲೆ ಬಿತ್ತು, ಸರಿಯಿತು, ಮುಂದಿನದರ ಮೇಲೆ ಬಿತ್ತು. ಅವಳು ದೊಡ್ಡದೊಂದು ಚೊಗಚೆಯ ಬುಡದಲ್ಲಿ ಬುಟ್ಟಿಯಿಟ್ಟು ಕೂತು, ಗಂಟು ಬಿಚ್ಚಿದಳು.

ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಅವ್ವನನ್ನು ನೋಡಿದ. “ಆ ಸಾಲು ತುಳೀಬ್ಯಾಡ, ನೀರು ಬಿಟ್ಟೇನಿ,” ಎಂದ. ಮತ್ತೆ ಬಾಗಿ ಕೈಯಲ್ಲಿದ್ದ ತುಂಡನ್ನು ಊರಿದ.

ಆ ವಾರವೇ ನಾನು ಹಿರೇಕೆರೂರಿಗೆ ಹೊರಟುಬಂದೆ. ಸಂತೆಯ ದಿನ ಸವಣೂರಿನ ಎಲೆ ಮಾರುವವನೊಬ್ಬ ನಮ್ಮ ಓಣಿಗೆ ಬರುತ್ತಿದ್ದ. ಅವನಿಗಾಗಿ ಕಾಯತೊಡಗಿದೆ. ಅತ್ತೆ ನನಗೆ ಎಲೆಯ ಚಟ ಹತ್ತಿದೆ ಎಂದುಕೊಂಡರು.

“ನಮ್ಮಪ್ಪನ ಹೊಸಾ ತೋಟ ಹೆಂಗೈತ್ರಿ?”

“ಹತ್ಯಾವ್ರಿ. ಒಂದೆರಡು ಬಳ್ಳಿ ಹಳದಿ ಆಗ್ಯಾವ ಅಂತಿದ್ರು ನಿಮ್ಮ ಕಾಕಾರು.”

ಮುಂದಿನ ಸಂತೆಯವರೆಗೆ ನಾನು ಹೇಗಿದ್ದೆನೆಂದು ಬರೆಯುವ ಅಗತ್ಯವಿಲ್ಲ. ಅಡುಗೆ ಮಾಡಿದೆ, ಮಗುವನ್ನು ನೋಡಿಕೊಂಡೆ. ಅವ್ವನ ನೆರಳು ಆ ಸಾಲಿನ ಮೇಲೆ ಸರಿದದ್ದೇ ಕಣ್ಣ ಮುಂದಿತ್ತು. ನನ್ನ ಕೋಣೆಯಲ್ಲಿ ಬಳ್ಳಿ ಬದುಕಿದ್ದನ್ನು ನಾನೇ ನೋಡಿದ್ದೆ, ಆದರೂ ಭಯ ಹೋಗಿರಲಿಲ್ಲ. ಕಂಡದ್ದಕ್ಕಿಂತ ಕೇಳಿದ್ದು ಮೈಯೊಳಗೆ ಹೆಚ್ಚು ಆಳಕ್ಕಿಳಿದಿರುತ್ತದೆ. ಎಲೆಯವನು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಹೇಳಿದ: “ನೀರು ಹೆಚ್ಚಾಗಿತ್ತಂತ್ರಿ ಅವಕ್ಕ. ಈಗ ಹಬ್ಬಾಕತ್ತಾವು, ಚೊಗಚಿ ಮ್ಯಾಲೆ ಹೊಂಟಾವು.”

ಮುಂದಿನ ವರ್ಷ ತವರಿಗೆ ಹೋದಾಗ ತೋಟದಲ್ಲಿ ಎಲೆ ಕೊಯ್ಲು ನಡೆದಿತ್ತು. ಅಡುಗೆಮನೆಯಲ್ಲಿ ಅವ್ವನೂ ನಾನೂ ಇಬ್ಬರೇ ಇದ್ದ ಹೊತ್ತು ನೋಡಿ ಕೇಳಿದೆ. “ಅವತ್ತ ಗೊತ್ತಿದ್ದೂ ಯಾಕ ಒಳಗ ಹೋದಿ?”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಬಿಸಲಿತ್ತವಾ. ನೆಳ್ಳು ಅಲ್ಲೇ ಇತ್ತು.”

“ಅಪ್ಪಗ ಗೊತ್ತೈತೇನು?”

“ಅವರು ಕೇಳಿಲ್ಲ, ನಾ ಹೇಳಿಲ್ಲ.” ಕಾವಲಿಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಬೇಯಲು ಬಿಟ್ಟು, ಅವಳು ನನ್ನ ಕಡೆ ನೋಡಿದಳು. “ನೀನೂ ನಡಿ ಇವತ್ತ. ಕೂಸಿನ್ನ ಎತ್ಕೋ. ನಿಮ್ಮಪ್ಪ ಒಂದ ಬಳ್ಳಿ ಸುದ್ದಿ ಕೇಳಬೇಕಂತ ನಿನ್ನ ಕಾಯಾಕತ್ತಾರ. ತುದಿ ಕರ್ರಗಾಗೇತಂತ. ನೀ ನೋಡಿದ್ದಿ ಅಲ್ಲ ಅಂಥಾದ್ದು.”